ಒಂದು ‘ಹ್ಯಾಡ್’ ಹೊಡೆದು ಇನ್ನೊಂದನ್ನು ಉಳಿಸಿದ್ದೇಕೆ?

ಓದುಗರ ಪತ್ರ: ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೊರದೇಶದ ಗಿರಾಕಿಗೆ ಬರೆದ ಮೇಲ್‌ನಲ್ಲಿ ‘ಐ ಹ್ಯಾಡ್ ಸೆಂಟ್ ದ ಇನ್‌ವಾಯ್ಸ್ ಆನ್ ಮಂಡೇ. ವೆನ್ ಯು ಕಾಲ್ಡ್, ಐ ಹ್ಯಾಡ್ ಆಲ್ರೆಡಿ ಸೆಂಟ್ ದ ಪ್ಯಾಕಿಂಗ್ ಲಿಸ್ಟ್’ ಎಂದಿದ್ದೆ. ಮ್ಯಾನೇಜರು ಮೊದಲ ‘ಹ್ಯಾಡ್’ ಹೊಡೆದುಹಾಕಿದರು, ಎರಡನೆಯದನ್ನು ಮುಟ್ಟಲಿಲ್ಲ. ಕೇಳಿದರೆ ‘ಅದು ಹಾಗೇ ಬರೋದು’ ಅಂದರು. ಎರಡೂ ಮುಗಿದ ಕೆಲಸವೇ ತಾನೇ? ಇದು ಯಾವ ನ್ಯಾಯ?

ಸಂಪಾದಕರ ಉತ್ತರ: ನಿಮ್ಮ ಮ್ಯಾನೇಜರು ತಿದ್ದಿದ್ದು ಸರಿ, ಕಾರಣ ಹೇಳದೆ ಬಿಟ್ಟದ್ದು ಸರಿಯಲ್ಲ.

ಕನ್ನಡದಲ್ಲಿ ‘ಸೋಮವಾರ ಇನ್‌ವಾಯ್ಸ್ ಕಳಿಸಿದ್ದೆ’ ಎಂದರೆ ಏನೂ ಕೊರತೆಯಿಲ್ಲ. ‘ನಿನ್ನೆ ದಾವಣಗೆರೆಗೆ ಹೋಗಿದ್ದೆ’ ಎಂದರೆ ಹೋಗಿ ಬಂದಾಯಿತು ಎಂದೇ ಅರ್ಥ. ನಮ್ಮ ‘ಇದ್ದೆ’ ಒಂಟಿಯಾಗಿ ನಿಲ್ಲಬಲ್ಲದು. ಇಂಗ್ಲಿಷಿನ ‘ಹ್ಯಾಡ್’ ಹಾಗೆ ನಿಲ್ಲುವುದಿಲ್ಲ. ಆ ಕೆಲಸದ ನಂತರ, ಆದರೆ ಈಗಿಗಿಂತ ಮುಂಚೆ ನಡೆದ ಇನ್ನೊಂದು ಘಟನೆ ಅಥವಾ ಗೊತ್ತಾದ ಒಂದು ಹೊತ್ತು ಅದಕ್ಕೆ ಬೇಕು. ‘ಅಷ್ಟರೊಳಗೆ ಇದು ಆಗಿಹೋಗಿತ್ತು’ ಎನ್ನುವುದಷ್ಟೇ ಅದರ ಕೆಲಸ. ನಿಮ್ಮ ಎರಡನೇ ವಾಕ್ಯದಲ್ಲಿ ಗಿರಾಕಿಯ ಫೋನು ಬಂತು, ಅಷ್ಟರಲ್ಲಿ ಪಟ್ಟಿ ಹೋಗಿತ್ತು. ಮೊದಲ ವಾಕ್ಯದಲ್ಲಿ ಅಂಥದ್ದೇನೂ ಇಲ್ಲ. ‘ಹ್ಯಾಡ್ ಸೆಂಟ್ ಆನ್ ಮಂಡೇ’ ಎಂದು ಓದಿದ ಹೊರಗಿನವರು ‘ಸರಿ, ಆಮೇಲೇನಾಯಿತು?’ ಎಂದು ಕಾಯುತ್ತಾರೆ. ನಮ್ಮ ನಮ್ಮಲ್ಲೇ ಬರೆದುಕೊಂಡರೆ ಯಾರಿಗೂ ಅರ್ಥವಾಗದೆ ಇರದು. ಅದಕ್ಕೇ ಈ ರೂಢಿ ಇಷ್ಟು ಗಟ್ಟಿಯಾಗಿದೆ.

ನಿಮ್ಮ ವ್ಯವಹಾರದ್ದೇ ಒಂದು ಉದಾಹರಣೆ ನೋಡಿ. ‘ದ ಕಂಟೇನರ್ ರೀಚ್ಡ್ ಚೆನ್ನೈ ಆನ್ ಟ್ಯೂಸ್ಡೇ. ಸಮ್‌ಒನ್ ಹ್ಯಾಡ್ ಬ್ರೋಕನ್ ದ ಸೀಲ್.’ ಅಂದರೆ ಸೀಲು ದಾರಿಯಲ್ಲೇ ಒಡೆದಿತ್ತು. ‘ಸಮ್‌ಒನ್ ಬ್ರೋಕ್ ದ ಸೀಲ್’ ಎಂದು ಬರೆದಿರೋ, ಚೆನ್ನೈ ತಲುಪಿದ ಮೇಲೆ ಒಡೆದರು ಎಂದಾಗುತ್ತದೆ. ಲಾರಿಯವರು ಹೊಣೆಯೋ ಬಂದರಿನವರೋ ಎಂಬ ಜಗಳ ಬಂದಾಗ ಈ ಒಂದು ಪದಕ್ಕೆ ಬೆಲೆ ಬರುತ್ತದೆ. ಎರಡನೇ ಘಟನೆ ಅದೇ ವಾಕ್ಯದಲ್ಲಿರಬೇಕೆಂದಿಲ್ಲ, ಇಲ್ಲಿಯಂತೆ ಹಿಂದಿನ ವಾಕ್ಯದಲ್ಲಿದ್ದರೂ ಆದೀತು. ‘ಬೈ ಫ್ರೈಡೇ ಐ ಹ್ಯಾಡ್ ಸೆಂಟ್ ತ್ರೀ ರಿಮೈಂಡರ್ಸ್’ ಎಂಬಲ್ಲಿ ಘಟನೆಯ ಬದಲು ಶುಕ್ರವಾರವೇ ಗಡಿ. ‘ಆಫ್ಟರ್’, ‘ಬಿಫೋರ್’ ಇದ್ದರೆ ಯಾವುದು ಮೊದಲು ಎಂಬುದನ್ನು ಅವೇ ಹೇಳುವುದರಿಂದ ‘ಹ್ಯಾಡ್’ ಬಿಟ್ಟರೂ ಸಾಮಾನ್ಯವಾಗಿ ನಷ್ಟವಿಲ್ಲ.

ಮೇಲ್ ಕಳಿಸುವ ಮುಂಚೆ ಕಂಟ್ರೋಲ್-ಎಫ್ ಒತ್ತಿ ‘ಹ್ಯಾಡ್’ ಹುಡುಕಿ. ಪ್ರತಿಯೊಂದರ ಹತ್ತಿರವೂ ‘ಯಾವುದಕ್ಕಿಂತ ಮುಂಚೆ?’ ಎಂದು ಕೇಳಿಕೊಳ್ಳಿ. ಉತ್ತರ ಪುಟದ ಮೇಲೆ ಸಿಗದಿದ್ದರೆ ತೆಗೆಯಿರಿ. ತೆಗೆಯುವಾಗ ಕ್ರಿಯಾಪದವನ್ನೂ ನೋಡಬೇಕು. ‘ಸೆಂಟ್’ಗೆ ಎರಡೂ ಕಡೆ ಒಂದೇ ರೂಪ, ನೀವು ಬಚಾವಾದಿರಿ. ‘ಹ್ಯಾಡ್ ಗಾನ್’ ಇದ್ದದ್ದು ‘ವೆಂಟ್’ ಆಗಬೇಕು. ‘ಹ್ಯಾಡ್ ಸ್ಪೋಕನ್’ ಇದ್ದದ್ದು ‘ಸ್ಪೋಕ್’, ‘ಹ್ಯಾಡ್ ಗಿವನ್’ ಇದ್ದದ್ದು ‘ಗೇವ್’. ‘ಹ್ಯಾಡ್’ ಮಾತ್ರ ಅಳಿಸಿ ‘ಐ ಸ್ಪೋಕನ್ ಟು ಹಿಮ್’ ಎಂದು ಉಳಿಸಿದರೆ ಮೊದಲಿನದಕ್ಕಿಂತ ದೊಡ್ಡ ತಪ್ಪು. (‘ಐ ಹ್ಯಾಡ್ ಅ ಮೀಟಿಂಗ್’, ‘ಐ ಹ್ಯಾಡ್ ಟು ಗೋ’ ಇವು ಬೇರೆ ಜಾತಿಯವು, ಮುಟ್ಟಬೇಡಿ. ‘ಇಫ್ ಐ ಹ್ಯಾಡ್ ನೋನ್’ ಕೂಡ ಹಾಗೇ ಇರಲಿ.)

‘ಹ್ಯಾಡ್’ ಬೇಡ ಎಂದ ಕೂಡಲೇ ಎಷ್ಟೋ ಜನ ‘ಹ್ಯಾವ್’ ಹಾಕುತ್ತಾರೆ: ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’. ‘ನಿನ್ನೆ ಕಳಿಸಿದ್ದೇನೆ’ ಎಂಬುದರ ನೆರಳು ಇದು. ಮುಗಿದುಹೋದ ದಿನ, ವಾರ, ವರ್ಷದ ಹೆಸರು ಬಂದರೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಬರುವಂತಿಲ್ಲ. ದಿನ ಹೇಳುವುದಾದರೆ ‘ಐ ಸೆಂಟ್ ಇಟ್ ಯೆಸ್ಟರ್ಡೇ’. ದಿನ ಮುಖ್ಯವಲ್ಲ, ಕಾಗದ ಈಗ ಅವರ ಕೈಲಿದೆ ಎನ್ನುವುದೇ ಮುಖ್ಯ ಎಂದಾದರೆ ‘ಐ ಹ್ಯಾವ್ ಸೆಂಟ್ ದ ಇನ್‌ವಾಯ್ಸ್, ಪ್ಲೀಸ್ ಚೆಕ್’.

ನಿಮ್ಮ ಪತ್ರದ ಕೊನೆಗೆ ಇಂಗ್ಲಿಷಿನಲ್ಲೇ ಇನ್ನೊಂದು ಸಾಲಿತ್ತು: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೋರ್ ಇಯರ್ಸ್.’ ಕೇಳದಿದ್ದರೂ ಹೇಳಿಬಿಡುತ್ತೇವೆ. ‘ನಾಲ್ಕು ವರ್ಷದಿಂದ’, ‘2019ರಿಂದ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಅಲ್ಲಿ ಶುರುವಾದ ಹೊತ್ತಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಕೆಲಸ ಈಗಲೂ ನಡೆದಿರುವುದರಿಂದ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್’ ಎನ್ನಬೇಕು. ‘ನೋ’ (ಗೊತ್ತಿರುವುದು) ಥರದ ಕ್ರಿಯಾಪದಗಳಿಗೆ ಆ ‘ಇಂಗ್’ ಹತ್ತುವುದಿಲ್ಲ: ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2019’. ‘ಹ್ಯಾವ್ ಬೀನ್’ ಉದ್ದವಾಯಿತೆಂದು ಬಯೋಡೇಟಾದಲ್ಲಿ ‘ಐ ವರ್ಕ್ಡ್ ಹಿಯರ್ ಫಾರ್ ಫೋರ್ ಇಯರ್ಸ್’ ಎಂದು ಮೊಟಕು ಮಾಡಬೇಡಿ. ಓದಿದವರು ನೀವು ಆ ಕೆಲಸ ಬಿಟ್ಟಿದ್ದೀರಿ ಎಂದುಕೊಳ್ಳುತ್ತಾರೆ.