ನಾನು ಮಂಗನ ಕಾಯಿಲೆ ಬಗ್ಗೆ ಸಂಶೋಧನೆ ಮಾಡುತ್ತೇನೆ. ಗೂಗಲ್ ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 9, ಸ್ಕೋಪಸ್‌ನಲ್ಲಿ ಬರೀ 3, ಬಡ್ತಿ ಅರ್ಜಿಗೆ ಯಾವುದು ಹಾಕಲಿ?

ಎಚ್-ಇಂಡೆಕ್ಸ್ 9 ಎಂದರೆ ನಿಮ್ಮ 9 ಲೇಖನಗಳನ್ನು ಬೇರೆಯವರು ತಲಾ ಕನಿಷ್ಠ 9 ಸಲ ಉಲ್ಲೇಖಿಸಿದ್ದಾರೆ ಎಂದರ್ಥ. ಸ್ಕಾಲರ್, ಸ್ಕೋಪಸ್ ಎರಡೂ ಸಂಶೋಧನಾ ಲೇಖನಗಳನ್ನು ಹುಡುಕುವ ತಾಣಗಳು, ಎರಡೂ ಇದನ್ನು ಬೇರೆ ಬೇರೆ ಲೆಕ್ಕ ಹಾಕುತ್ತವೆ. ಹೆಚ್ಚಾಗಿ ಸ್ಕೋಪಸ್‌ನಲ್ಲಿ ನಿಮ್ಮ ಹೆಸರು ಒಡೆದು ಹೋಗಿದೆ. ನಮ್ಮ ಹಾಸನದ ಕಡೆಯ ಹೆಸರುಗಳಿಗೆ ಇದು ಮಾಮೂಲಿ. ಒಂದು ಲೇಖನದಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಯಂತ್ರಕ್ಕೆ ಇವರು ಮೂರು ಜನ. ಮಂಗನ ಕಾಯಿಲೆ ಬಗ್ಗೆ ನೀವು ಬರೆದದ್ದು ಮೂರು ಕಡೆ ಹಂಚಿ ಹೋಗಿರುತ್ತದೆ.

ಮೊದಲು ಆರ್ಕಿಡ್ (ORCID) ಐಡಿ ಮಾಡಿಕೊಳ್ಳಿ, ಅದು ಸಂಶೋಧಕರನ್ನು ಗುರುತಿಸುವ ಸಂಖ್ಯೆ. 16 ಅಂಕಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಹಳೆಯ ಲೇಖನಗಳಲ್ಲಿ ಹೆಸರು ಹೇಗೆಲ್ಲಾ ಬಂದಿದೆಯೋ ಅಷ್ಟನ್ನೂ ಅಲ್ಲಿ ಸೇರಿಸಿ. ಆಮೇಲೆ ಸ್ಕೋಪಸ್‌ನ ಲೇಖಕರ ಹುಡುಕಾಟದಲ್ಲಿ ಆ ಎಲ್ಲಾ ರೂಪಗಳನ್ನೂ ಹಾಕಿ ನೋಡಿ. ನಿಮ್ಮ ಪ್ರೊಫೈಲ್‌ಗಳನ್ನು ಟಿಕ್ ಮಾಡಿ, ಒಂದಾಗಿಸಲು ಕೋರಿಕೆ ಕಳಿಸಿ. ಪರಿಶೀಲನೆಗೆ ಸಮಯ ಹಿಡಿಯಬಹುದು, ಕೊನೆಯ ದಿನಾಂಕದವರೆಗೆ ಕಾಯಬೇಡಿ.

ಸ್ಕಾಲರ್‌ನ 9 ಕೂಡ ಪೂರ್ತಿ ನಿಮ್ಮದಲ್ಲದಿರಬಹುದು. ಅದೇ ಹೆಸರಿನ ಬೇರೆಯವರ ಲೇಖನ ನುಸುಳಿದ್ದರೆ ತೆಗೆದುಹಾಕಿ. ಒಂದೇ ಲೇಖನ ಎರಡು ಸಲ ಇದ್ದರೆ ಎರಡನ್ನೂ ಆರಿಸಿ 'ಮರ್ಜ್' ಒತ್ತಿ. ಹೊಸ ಲೇಖನ ತಾನಾಗಿ ಸೇರುವ ಆಯ್ಕೆಯನ್ನೂ ಬದಲಿಸಿ, ಮೊದಲು ಇಮೇಲ್‌ನಲ್ಲಿ ಕೇಳಲಿ.

ಇಷ್ಟಾದರೂ ಎರಡು ಅಂಕಿ ಒಂದೇ ಆಗದಿರಬಹುದು. ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್‌ಗಳ (ಪತ್ರಿಕೆಯಲ್ಲಿ ಬರುವ ಮೊದಲೇ ಹಾಕಿದ ಲೇಖನಗಳ) ಉಲ್ಲೇಖವನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆಯ್ದ ಪತ್ರಿಕೆಗಳದ್ದೇ ಜಾಸ್ತಿ ನೋಡುತ್ತದೆ. ಅರ್ಜಿಯಲ್ಲಿ ಯಾವುದನ್ನು ಕೇಳಿದ್ದಾರೋ ಅದನ್ನೇ ಬರೆಯಿರಿ, ಪಕ್ಕದಲ್ಲಿ ಮೂಲ ಮತ್ತು ನೋಡಿದ ದಿನಾಂಕ ಇರಲಿ.

ಇನ್ನೊಂದು ಮಾತು. ಕೊಪ್ಪ, ಶೃಂಗೇರಿ ಕಡೆ ಮಂಗನ ಕಾಯಿಲೆ ಹರಡುವ ಉಣುಗಿನ ಕಡಿತ ತಡೆಯಲು ನಿಮ್ಮ ಕೆಲಸವನ್ನು ಆರೋಗ್ಯ ಇಲಾಖೆ ಬಳಸಿದ್ದರೆ ಅದು ಯಾವ ಇಂಡೆಕ್ಸ್‌ನಲ್ಲೂ ಕಾಣುವುದಿಲ್ಲ. ನನ್ನ ಪ್ರಕಾರ ಅದೇ ದೊಡ್ಡ ಪರಿಣಾಮ. ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಒಂದು ಪತ್ರ ಬರೆಸಿಕೊಂಡು ಅರ್ಜಿ ಜೊತೆ ಲಗತ್ತಿಸಿ.