ಸೀಡ್ ನೋಡಿ ಆಯ್ತು, ಆಸ್ಟ್ರೇ ಮಾಂಗಾ ಎಲ್ಲಿಂದ ಶುರು ಮಾಡಬೇಕು? ರೆಡ್ ಫ್ರೇಮ್ ಕಿಟ್ ಹೇಗೆ ಕಟ್ಟಬೇಕು?

ನೀವು ಕೇಳಿದ್ದು ಇಷ್ಟು: ದೈತ್ಯ ರೋಬೋಟ್‌ಗಳ ಯುದ್ಧಕಥೆಯಾದ ಗುಂಡಮ್ ಸೀಡ್ ಅನಿಮೆ ಪೂರ್ತಿ ನೋಡಿದ್ದೀರಿ, ಆರ್‌ಜಿ (ರಿಯಲ್ ಗ್ರೇಡ್, ಬಂಡೈ ಕಂಪನಿಯ 1/144 ಅಳತೆಯ ಮಾದರಿ ಸರಣಿ) ಆಸ್ಟ್ರೇ ರೆಡ್ ಫ್ರೇಮ್ ಕಿಟ್ ಕೈಗೆ ಬಂದಿದೆ, ಆದರೆ ಅನಿಮೆಯ ಕಥೆಯಲ್ಲಿ ಈ ಕೆಂಪು ಗುಂಡಮ್ ಇಲ್ಲ. ಅದರ ಕಥೆ ಇರುವ ಮಾಂಗಾ (ಜಪಾನಿ ಚಿತ್ರಕಥೆ) ಯಾವ ಕ್ರಮದಲ್ಲಿ ಓದಬೇಕು, ಕಿಟ್‌ಗೆ ರೈಫಲ್ ಕೊಡಬೇಕೋ ಕತ್ತಿ ಕೊಡಬೇಕೋ ಎನ್ನುವುದು ಪ್ರಶ್ನೆ.

ಮೊದಲು ಗೊಂದಲ ಒಂದನ್ನು ಬಿಡಿಸೋಣ. ಅನಿಮೆಯಲ್ಲಿ ನೀವು ನೋಡಿರುವ ಆಸ್ಟ್ರೇ ಎಂದರೆ ಎಂ1 ಆಸ್ಟ್ರೇ, ಆರ್ಬ್ ದೇಶದ ಸೇನೆಗೆ ಸಾಲುಸಾಲಾಗಿ ತಯಾರಾದದ್ದು. ನಿಮ್ಮ ಕಿಟ್ ಅದಕ್ಕೂ ಹಿಂದಿನ ಮೂಲ ಮಾದರಿ, ನಂಬರ್ ಎಂಬಿಎಫ್-ಪಿ02. ಆರ್ಬ್‌ನ ಬಾಹ್ಯಾಕಾಶ ಕಾಲೊನಿ ಹೀಲಿಯೋಪೊಲಿಸ್‌ನಲ್ಲಿ ಭೂಮಿಯ ಒಕ್ಕೂಟಕ್ಕಾಗಿ ಸ್ಟ್ರೈಕ್, ಏಜಿಸ್, ಡ್ಯುಯೆಲ್, ಬಸ್ಟರ್, ಬ್ಲಿಟ್ಜ್ ಎಂಬ ಐದು ಯಂತ್ರ ಕಟ್ಟುತ್ತಿದ್ದ ಮೊರ್ಗೆನ್‌ರೋಟೆ ಕಂಪನಿ, ಅದೇ ತಂತ್ರಜ್ಞಾನ ಕದ್ದು ಆರ್ಬ್‌ಗಾಗಿ ಗುಟ್ಟಾಗಿ ಇನ್ನೂ ಐದು ಕಟ್ಟಿತು. ಪಿ01 ಗೋಲ್ಡ್, ಪಿ02 ರೆಡ್, ಪಿ03 ಬ್ಲೂ, ಪಿ04 ಗ್ರೀನ್, ಪಿ05 ಮಿರಾಜ್. ಕೊನೆಯ ಎರಡು ಬಹಳ ತಡವಾಗಿ, ಮುಂದಿನ ಸರಣಿಗಳಲ್ಲಿ ಬರುತ್ತವೆ. ಈಗ ನಿಮಗೆ ಬೇಕಾದ್ದು ಮೊದಲ ಮೂರು.

ಕದಿಯಲು ಆಗದೆ ಉಳಿದದ್ದು ಫೇಸ್ ಶಿಫ್ಟ್ ಕವಚ. ಈ ಒಂದು ಅಂಶ ನೆನಪಿಟ್ಟುಕೊಂಡು ಓದಿ, ಏಕೆಂದರೆ ಮಾಂಗಾದ ಎಲ್ಲ ಹೊಡೆದಾಟಗಳೂ ಇದರ ಮೇಲೆಯೇ ನಿಂತಿವೆ. ಗುಂಡೇಟು ಬಿದ್ದರೂ ಸ್ಟ್ರೈಕ್‌ಗೆ ಏನೂ ಆಗುವುದಿಲ್ಲ. ಆಸ್ಟ್ರೇಯ ಮೈಮೇಲಿರುವುದು ನೊರೆಯಂತೆ ಉಬ್ಬಿಸಿದ ಹಗುರ ಲೋಹ, ಏಟು ಬಿದ್ದರೆ ಒಡೆಯುತ್ತದೆ. ಅದಕ್ಕೇ ಕವಚ ಕಡಿಮೆ, ಒಳಗಿನ ಫ್ರೇಮ್ ಹೊರಗೇ ಕಾಣುತ್ತದೆ, ಮೈ ಬಾಗಿಸಿ ತಪ್ಪಿಸಿಕೊಳ್ಳುವುದೇ ರಕ್ಷಣೆ. ಜುನಿಚಿ ಅಕುತ್ಸು ಅವರ ವಿನ್ಯಾಸದಲ್ಲಿ ಕೀಲುಗಳ ಸುತ್ತ ಅಷ್ಟು ಜಾಗ ಬಿಟ್ಟಿರುವುದು ಬರೀ ಚಂದಕ್ಕಲ್ಲ.

ಈಗ ಓದುವ ಕ್ರಮ. ಕಥೆ ತೊಮೊಹಿರೊ ಚಿಬಾ ಅವರದು, ಆದರೆ ಒಂದೇ ಕಾಲದ ಘಟನೆಗಳು ಬೇರೆ ಬೇರೆ ಪತ್ರಿಕೆಗಳಲ್ಲಿ ಹಂಚಿಹೋಗಿವೆ. ಹೊಸಬರು ಎಡವುವುದು ಇಲ್ಲೇ. ಬರೀ 'ಆಸ್ಟ್ರೇ' ಎಂದಿರುವುದು ಕೊಯಿಚಿ ತೊಕಿತಾ ಚಿತ್ರಿಸಿದ್ದು, 3 ಸಂಪುಟ, ಗುಂಡಮ್ ಏಸ್ ಪತ್ರಿಕೆಯಲ್ಲಿ ಬಂದದ್ದು. 'ಆಸ್ಟ್ರೇ ಆರ್' ಯಸುನಾರಿ ತೋದಾ ಚಿತ್ರಿಸಿದ್ದು, 4 ಸಂಪುಟ, ಶೋನೆನ್ ಏಸ್‌ನಲ್ಲಿ ಬಂದದ್ದು. ಆರ್ ಅಂದರೆ ರೆಡ್, ಅಂದರೆ ರೆಡ್ ಓಡಿಸುವ ಲೋ ಗ್ಯೂಲ್ ಕಡೆಯಿಂದ ಹೇಳಿದ ಕಥೆ. 'ಆಸ್ಟ್ರೇ ಬಿ' ಬ್ಲೂ, ಬಾಡಿಗೆ ಸೈನಿಕ ಗಾಯ್ ಮುರಕುಮೊ ಕಡೆಯದು. ಅದು ಮಾಂಗಾ ಅಲ್ಲ, ಡೆಂಗೆಕಿ ಹಾಬಿ ಪತ್ರಿಕೆಯಲ್ಲಿ ಮಾದರಿಗಳ ಫೋಟೋ ಜೊತೆ ಬಂದ ಗದ್ಯಕಥೆ. ಮಾಂಗಾ ಅಂದುಕೊಂಡು ತರಿಸಿದರೆ ನಿರಾಸೆಯಾಗುತ್ತದೆ.

ನನ್ನ ಸಲಹೆ: ತೊಕಿತಾ ಅವರ 3 ಸಂಪುಟ ಮೊದಲು, ಪೂರ್ತಿಯಾಗಿ. ಲೋ, ಗಾಯ್ ಇಬ್ಬರ ಕಥೆಯೂ ಅದರಲ್ಲಿದೆ, ಬೆನ್ನೆಲುಬು ಅದೇ. ಆಮೇಲೆ ಆರ್. ಆರ್ ಮೊದಲು ಹಿಡಿದರೆ ಗಾಯ್ ಯಾರು, ಲೋಗೂ ಅವನಿಗೂ ಏನು ನಂಟು ಎಂದು ಅರ್ಥವಾಗುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಒಂದು ಆಸ್ಟ್ರೇ, ಒಂದು ಆರ್ ಎಂದು ಹೆಣೆದು ಓದುವ ಪ್ರಯತ್ನವೂ ಬೇಡ. ಚಿತ್ರಶೈಲಿ ಪದೇ ಪದೇ ಬದಲಾಗಿ ಕೊಂಡಿ ಕಳಚುತ್ತದೆ.

ಓದುವಾಗ ಅನಿಮೆಯ ಕೆಲವು ಎಪಿಸೋಡ್ ಮತ್ತೆ ನೋಡಿ, ಆಗಲೇ ಇದರ ನಿಜವಾದ ರುಚಿ. ಲೋ ಜಂಕ್ ಗಿಲ್ಡ್‌ನವನು, ಗುಜರಿ ಆಯುವವನು. ಅನಿಮೆ ಬಿಟ್ಟುಹೋದ ಅವಶೇಷಗಳನ್ನೇ ಅವನು ಎತ್ತಿಕೊಳ್ಳುತ್ತಾನೆ. ಮಾಂಗಾ ಇಡೀ ಹಾಗೆಯೇ ಕಟ್ಟಿರುವುದು. ಮೂಲ 1ರಿಂದ 3ನೇ ಎಪಿಸೋಡ್‌ವರೆಗೆ ಹೀಲಿಯೋಪೊಲಿಸ್ ಒಡೆದು ಚೂರಾಗುತ್ತದೆ, ಆರ್ಕ್‌ಏಂಜೆಲ್ ಹಡಗು ಹೊರಟುಹೋಗುತ್ತದೆ, ಕ್ಯಾಮೆರಾ ಅದರ ಹಿಂದೆಯೇ ಹೋಗುತ್ತದೆ. ಮಾಂಗಾ ಆ ಚೂರುಗಳ ನಡುವೆ ಶುರುವಾಗುತ್ತದೆ, ರೆಡ್ ಮತ್ತು ಬ್ಲೂ ಸಿಗುವುದು ಅಲ್ಲಿ. 29ನೇ ಎಪಿಸೋಡ್‌ನಲ್ಲಿ ಬ್ಲಿಟ್ಜ್‌ನ ಬಲಗೈ ತುಂಡಾಗುತ್ತದೆ, ಅದನ್ನು ಓಡಿಸುವ ನಿಕೋಲ್ ಸಾಯುತ್ತಾನೆ. ನಮಗೆಲ್ಲ ನೆನಪಿರುವುದು ನಿಕೋಲ್. ಆ ಕೈ ಏನಾಯಿತು? ಬಲಗೈ ಇಲ್ಲದ ಗೋಲ್ಡ್ ಫ್ರೇಮ್‌ಗೆ ಅದು ಸೇರುತ್ತದೆ, ಅದರ ಜೊತೆಗೆ ಕಣ್ಣಿಗೆ ಕಾಣದಂತೆ ಮರೆಯಾಗುವ ಮಿರಾಜ್ ಕೊಲಾಯ್ಡ್ ಶಕ್ತಿಯೂ ಬರುತ್ತದೆ. 30ರಲ್ಲಿ ಏಜಿಸ್ ಸ್ವಯಂ ಸ್ಫೋಟಿಸಿದ ಮೇಲೆ ಸ್ಟ್ರೈಕ್ ಓಡಿಸುವ ಕಥಾನಾಯಕ ಕಿರಾ ಮಾಲ್ಕಿಯೊ ಗುರುಗಳ ಕೈಗೆ ಹೇಗೆ ತಲುಪಿದ ಎಂದು ಅನಿಮೆ ಬೇಗ ದಾಟಿಬಿಡುತ್ತದೆ. ತಲುಪಿಸಿದವನು ಲೋ. ಈ ಮೂರು ಕೊಂಡಿಗಳು ಬಲವಾಗಿ ಕೂರುತ್ತವೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟ, ಮೊದಲ ಓದಿಗೆ ಕಣ್ತಪ್ಪುತ್ತದೆ. ಅನಿಮೆಯ ಎರಡನೇ ಅರ್ಧದಲ್ಲಿ ಪನಾಮ, ವಿಕ್ಟೋರಿಯಾ, ಆರ್ಬ್‌ನ ಕಗುಯಾ ಎಂದು ಮಾಸ್ ಡ್ರೈವರ್‌ಗಳಿಗಾಗಿ ಯುದ್ಧ ನಡೆಯುತ್ತದೆ, ಬಾಹ್ಯಾಕಾಶಕ್ಕೆ ಸರಕು ಎಸೆಯಲು ಅದೇ ದಾರಿಯಾದ್ದರಿಂದ. ಎರಡೂ ಪಕ್ಷಕ್ಕೆ ಸೇರದವರು ಏನು ಮಾಡಬೇಕು ಎಂದು ಅನಿಮೆ ಕೇಳುವುದೇ ಇಲ್ಲ. ಮಾಂಗಾದ ಗಿಗಾ ಫ್ಲೋಟ್ ಅದಕ್ಕೆ ಉತ್ತರ: ಸಮುದ್ರದ ಮೇಲೆ ತೇಲುವ, ಜಾಗ ಬದಲಿಸಬಲ್ಲ ಮಾಸ್ ಡ್ರೈವರ್ ದ್ವೀಪ, ಕಟ್ಟಿದ್ದು ಜಂಕ್ ಗಿಲ್ಡ್. ಆರ್ಬ್ ಬೀಳುವ 40ನೇ ಎಪಿಸೋಡ್ ನೋಡಿ, ಗಿಗಾ ಫ್ಲೋಟ್ ಭಾಗಗಳನ್ನು ಮತ್ತೊಮ್ಮೆ ತಿರುವಿಹಾಕಿ.

ಎಪಿಸೋಡ್ ನಂಬರ್ ಬಗ್ಗೆ ಎಚ್ಚರ. ಮೇಲೆ ಕೊಟ್ಟಿರುವುದು 2002-03ರ ಮೂಲ 50 ಎಪಿಸೋಡ್‌ಗಳ ಲೆಕ್ಕ. ಎಚ್‌ಡಿ ರೀಮಾಸ್ಟರ್‌ನಲ್ಲಿ ಇರುವುದು 48, ಹಿಂದಿನದ್ದನ್ನೇ ಮತ್ತೆ ತೋರಿಸುವ 14 ಮತ್ತು 26 ಅದರಲ್ಲಿಲ್ಲ. ಹಾಗಾಗಿ ಮೂಲದ 15ರಿಂದ 25ಕ್ಕೆ ಒಂದು ಕಳೆಯಿರಿ, 27ರಿಂದ ಮುಂದಕ್ಕೆ ಎರಡು. ಮೂಲದ 29 ರೀಮಾಸ್ಟರ್‌ನಲ್ಲಿ 27.

ಆಮೇಲೆ 'ಎಕ್ಸ್ ಆಸ್ಟ್ರೇ', 2 ಸಂಪುಟ. ಇದರ ಕನಾರ್ಡ್ ಪಾರ್ಸ್‌ನ ಸಿಟ್ಟು ಅರ್ಥವಾಗಬೇಕಾದರೆ ಕಿರಾನ ಹುಟ್ಟಿನ ಗುಟ್ಟು ಗೊತ್ತಿರಬೇಕು, ಅಂದರೆ ಅನಿಮೆಯ ಮೆಂಡೆಲ್ ಕಾಲೊನಿ ಭಾಗ. ನೀವು ನೋಡಿ ಆಗಿದೆ, ತೊಂದರೆಯಿಲ್ಲ. ಬೇರೆಯವರಿಗೆ ಅದನ್ನು ನೋಡುವ ಮೊದಲು ಈ ಪುಸ್ತಕ ಕೊಡಬೇಡಿ. 4 ಸಂಪುಟದ 'ಡೆಸ್ಟಿನಿ ಆಸ್ಟ್ರೇ' ಸೀಡ್ ಡೆಸ್ಟಿನಿ ನೋಡಿದ ಮೇಲೆ. ಅಲ್ಲಿ ನಾಯಕ ಪತ್ರಕರ್ತ, ಲೋ ಅಲ್ಲ.

ಕೊಳ್ಳುವ ಬಗ್ಗೆ: ಆಸ್ಟ್ರೇ, ಆಸ್ಟ್ರೇ ಆರ್ ಎರಡನ್ನೂ ಇಂಗ್ಲಿಷಿನಲ್ಲಿ ತಂದದ್ದು ಟೋಕಿಯೊಪಾಪ್. ಅವರು 2011ರಲ್ಲಿ ಅಮೆರಿಕದ ಪ್ರಕಟಣೆ ನಿಲ್ಲಿಸಿದ್ದರಿಂದ ಈಗ ಸಿಗುವುದು ಹಳೆ ಪ್ರತಿಗಳೇ. ಬಿಡಿಬಿಡಿಯಾಗಿ ಕೊಂಡರೆ ಕೊನೆಯ ಸಂಪುಟಕ್ಕೆ ಸಿಕ್ಕಿಬೀಳುತ್ತೀರಿ, ಸೆಟ್ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. ಮಾರುವವರ ಹತ್ತಿರ ಮುಖಪುಟ ಮತ್ತು ಬೆನ್ನಿನ ಫೋಟೋ ಎರಡೂ ಕೇಳಿ, ಚಿತ್ರಕಾರರ ಹೆಸರು ಓದಿ. 'ಆರ್' ಅಕ್ಷರ ಬಿಟ್ಟು ಪಟ್ಟಿ ಮಾಡುವವರು ಬಹಳ.

ಇನ್ನು ಕಿಟ್. ಮಾಂಗಾ ಪ್ರಕಾರ ರೈಫಲ್ ಮೊದಲು, ಕತ್ತಿ ಆಮೇಲೆ. ಬೀಮ್ ಆಯುಧಗಳು ಬ್ಯಾಟರಿ ಕುಡಿಯುತ್ತವೆ ಎಂದೇ ಲೋ ಗ್ರೇವ್‌ಯಾರ್ಡ್ ಎಂಬ ಬಾಹ್ಯಾಕಾಶ ನೆಲೆಗೆ ಹೋಗಿ ಗೆರ್ಬೆರಾ ಸ್ಟ್ರೇಟ್ ಕತ್ತಿ ಪಡೆಯುವುದು. ಹೆಸರು ಜಪಾನಿನ ಕಿಕು-ಇಚಿಮೊಂಜಿ ಕತ್ತಿಯ ಮೇಲಿನ ಪದದಾಟ: ಕಿಕು ಸೇವಂತಿಗೆ, ಅದರ ಬದಲು ಜರ್ಬೆರಾ ಹೂವು. ಆದ್ದರಿಂದ ಎರಡು ರೂಪ ಸರಿ: ಆರಂಭದ್ದಾದರೆ ರೈಫಲ್ ಮತ್ತು ಗುರಾಣಿ, ಸೊಂಟ ಖಾಲಿ, ನಂತರದ್ದಾದರೆ ಸೊಂಟದಲ್ಲಿ ಒರೆ, ಕೈಯಲ್ಲಿ ಕತ್ತಿ. ಎಲ್ಲ ಒಟ್ಟಿಗೆ ಹೇರಿದರೆ ಈ ಯಂತ್ರದ ಹಗುರ ಮೈಕಟ್ಟೇ ಮುಚ್ಚಿಹೋಗುತ್ತದೆ. ಮಾಂಗಾದ 150 ಮೀಟರ್ ಕತ್ತಿ ಮಾಡುವ ಆಸೆ ಇದ್ದರೆ ಲೆಕ್ಕ ಹಾಕಿಕೊಳ್ಳಿ: ಯಂತ್ರ 17.53 ಮೀಟರ್, 1/144ರಲ್ಲಿ 12.2 ಸೆಂ.ಮೀ.; ಕತ್ತಿ 104 ಸೆಂ.ಮೀ. ಆಗುತ್ತದೆ.

ಆರ್‌ಜಿ ಫ್ರೇಮ್‌ನ ಕೀಲುಗಳು ಅಚ್ಚಿನಲ್ಲೇ ಜೋಡಿಸಿ ಬಂದಿರುತ್ತವೆ. ರನ್ನರ್‌ನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಬಿಡಿಸಿದ ಕೂಡಲೇ ಕವಚ ಹಾಕಬೇಡಿ. ಪ್ರತಿ ಕೀಲನ್ನೂ ನಿಧಾನವಾಗಿ ನಾಲ್ಕೈದು ಸಲ ಬಗ್ಗಿಸಿ ಸಡಿಲಿಸಿ, ಎಳೆದು ತಿರುಚಿದರೆ ಸಣ್ಣ ಪಿನ್ ಮುರಿಯುತ್ತದೆ. ಕತ್ತರಿಸುವುದು ಎರಡು ಹಂತದಲ್ಲಿ: ಮೊದಲು ಭಾಗದಿಂದ 3 ಮಿ.ಮೀ. ದೂರದಲ್ಲಿ, ಆಮೇಲೆ ಅರ್ಧ ಮಿ.ಮೀ. ಬಿಟ್ಟು. ಉಳಿದದ್ದನ್ನು 600, 800, 1000 ನಂಬರ್ ಉಜ್ಜುಕಾಗದದಲ್ಲಿ ತೀಡಿ. ಕೆಂಪು ಫ್ರೇಮ್ ಹೊರಗೇ ಕಾಣುವ ಕಿಟ್ ಇದು. ಬೇರೆ ಮಾದರಿಗಳಲ್ಲಿ ಕವಚದಡಿ ಅಡಗುವ ಬಿಳಿ ಗೀರು ಇಲ್ಲಿ ಎದ್ದು ಕಾಣುತ್ತದೆ, ಉಗುರಿನಿಂದ ಉಜ್ಜಿದರೆ ಸ್ವಲ್ಪ ಮಾಯುತ್ತದೆ.

ಪ್ಯಾನೆಲ್ ಗೆರೆಗೆ (ಕವಚದ ಮೇಲೆ ಕೊರೆದ ಸಣ್ಣ ಗೆರೆಗಳಿಗೆ) ಎನಾಮೆಲ್ ಶಾಯಿಯನ್ನು ಬಿಳಿ ಕವಚದ ಮೇಲೆ ಮಾತ್ರ, ಅದನ್ನೂ ಜೋಡಿಸುವ ಮೊದಲು ಹಾಕಿ. ಕೀಲಿನ ಪ್ಲಾಸ್ಟಿಕ್‌ಗೆ ಎನಾಮೆಲ್ ಥಿನ್ನರ್ ಇಳಿದರೆ ಒತ್ತಡ ಬೀಳುವ ಜಾಗ ಬಿರುಕು ಬಿಡುತ್ತದೆ, ಎರಡು ದಿನ ಬಿಟ್ಟು ಮೊಣಕಾಲು ಕೈಗೆ ಬರುತ್ತದೆ. ಫ್ರೇಮ್‌ಗೆ ಸಣ್ಣ ಮೊನೆಯ ಮಾರ್ಕರ್ ಸಾಕು. ಕತ್ತಿಯ ಹಿಡಿ ಕೈಯಲ್ಲಿ ಜಾರಿದರೆ ಹಿಡಿಗೆ ಫೆವಿಕಾಲ್ ತೆಳ್ಳಗೆ ಸವರಿ, ರಾತ್ರಿಯಿಡೀ ಒಣಗಿಸಿ, ಆಮೇಲೆ ಹಿಡಿಸಿ. ಬೇಡವಾದಾಗ ಕಿತ್ತು ಬರುತ್ತದೆ.

ಮ್ಯಾಟ್ ಟಾಪ್‌ಕೋಟ್ (ಹೊಳಪು ತಗ್ಗಿಸುವ ಸ್ಪ್ರೇ) ಹೊಡೆಯುವುದಾದರೆ ಕಣ್ಣಿನ ಪಾರದರ್ಶಕ ಭಾಗ ಮತ್ತು ಕತ್ತಿಯ ಅಲಗು ಬಿಚ್ಚಿಡಿ, ಎರಡೂ ಹೊಳಪು ಕಳೆದುಕೊಳ್ಳುತ್ತವೆ. 20-25 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಮೂರು ಸಲ. ಕರಾವಳಿ, ಮಲೆನಾಡಿನಲ್ಲಿ ಇರುವವರು ಮಳೆಗಾಲದಲ್ಲಿ ಹೊಡೆಯಲೇಬೇಡಿ, ಗಾಳಿಯ ತೇವ ಸೇರಿ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ದಿನ ಮಧ್ಯಾಹ್ನ ಹೊಡೆಯಿರಿ, ಅಲ್ಲಿಯವರೆಗೆ ಮೊದಲ 3 ಸಂಪುಟ ಓದಿ ಮುಗಿಸಬಹುದು.