ವೆಬ್‌ಹುಕ್ ಬಂತು, ಸಹಿ ತಾಳೆಯಾಗಲಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಅಂಚೆಯಲ್ಲಿ ವೆಬ್‌ಹುಕ್ ಪ್ರಶ್ನೆಗಳೇ ಹೆಚ್ಚು. ವೆಬ್‌ಹುಕ್ ಎಂದರೆ, ಏನಾದರೂ ನಡೆದಾಗ ಒಂದು ಸೇವೆ ನೀವು ಕೊಟ್ಟ ವೆಬ್ ವಿಳಾಸಕ್ಕೆ ತಾನಾಗಿ ಕಳುಹಿಸುವ ಸುದ್ದಿ. ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ. ಜೋಡಿ ಅಡ್ಡಗೆರೆ ಇದ್ದ ಕಡೆ ಎರಡೂ ಗೆರೆ ಬೇಕು, ನಡುವೆ ಜಾಗ ಬೇಡ.

ಪ್ರಶ್ನೆ (ಶಿವಮೊಗ್ಗ): ನಮಸ್ಕಾರ ಸರ್. ಅಡಿಕೆ ಹಾಳೆ ತಟ್ಟೆ ಮಾರುವವರಿಗೆ ಆರ್ಡರ್ ಪುಟ ಮಾಡಿಕೊಡುತ್ತಿದ್ದೇನೆ. ಹಣ ಬಂದ ಸುದ್ದಿಯನ್ನು ಪಾವತಿ ಸೇವೆ ರೇಜರ್‌ಪೇ ನನ್ನ ಲ್ಯಾಪ್‌ಟಾಪ್‌ಗೆ ಕಳುಹಿಸಬೇಕು. ವೆಬ್‌ಹುಕ್ ವಿಳಾಸಕ್ಕೆ ಲೋಕಲ್‌ಹೋಸ್ಟ್ ಹಾಕಿದರೆ ಒಪ್ಪುವುದಿಲ್ಲ. ಗೂಗಲ್ ಮಾಡಿ ಸಿಕ್ಕ ನನ್ನ ಐಪಿ ಹಾಕಿದರೆ ಏನೂ ಬರುವುದಿಲ್ಲ. ನನ್ನದು ಮೊಬೈಲ್ ಹಾಟ್‌ಸ್ಪಾಟ್.

ಉತ್ತರ: ಲೋಕಲ್‌ಹೋಸ್ಟ್ ಎಂಬ ಹೆಸರನ್ನು ಯಾವ ಯಂತ್ರ ಓದುತ್ತದೋ ಆ ಯಂತ್ರವೇ ಅದರ ಅರ್ಥ. ರೇಜರ್‌ಪೇ ಸರ್ವರ್ ಓದಿದರೆ ಅದು ರೇಜರ್‌ಪೇ ಸರ್ವರ್. ಇನ್ನು ಗೂಗಲ್ ತೋರಿಸಿದ ಐಪಿ ನಿಮ್ಮೊಬ್ಬರದಲ್ಲ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿವಿ4 ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ, ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ಒಳಗಿನಿಂದ ಹೊರಟ ಸಂಪರ್ಕಕ್ಕೆ ಉತ್ತರ ಮರಳಿ ಬರುತ್ತದೆ. ಹೊರಗಿನಿಂದ ತಾನಾಗಿ ಬಂದದ್ದು ಯಾರ ಪಾಲಿನದೆಂದು ತಿಳಿಯದೆ ಅಲ್ಲೇ ಬಿದ್ದುಹೋಗುತ್ತದೆ. ಮನೆಯ ರೂಟರ್‌ನ ವ್ಯಾನ್ (ಹೊರಬದಿಯ) ವಿಳಾಸ 100.64 ರಿಂದ 100.127 ರ ನಡುವಿನದಾಗಿದ್ದರೆ ಅಲ್ಲೂ ಇದೇ ಕಥೆ, ಪೋರ್ಟ್ ಫಾರ್ವರ್ಡಿಂಗ್‌ಗೆ ತಲೆ ಕೆಡಿಸಿಕೊಳ್ಳಬೇಡಿ.

ಇದಕ್ಕೆ ದಾರಿ ಟನೆಲ್ ಉಪಕರಣ. ಅದು ಮಾಡುವುದು ಇಷ್ಟೇ: ನಿಮ್ಮ ಯಂತ್ರದಿಂದ ತನ್ನ ಸರ್ವರ್‌ಗೆ ಒಂದು ಸಂಪರ್ಕ ತೆರೆದು ಹಿಡಿದುಕೊಂಡಿರುತ್ತದೆ. ಆ ಸರ್ವರ್‌ಗೆ ಬಂದ ಕೋರಿಕೆಗಳು ಅದೇ ದಾರಿಯಲ್ಲಿ ನಿಮ್ಮ ಬಳಿಗೆ ಬರುತ್ತವೆ. ಅಂಥ ಒಂದು ಉಪಕರಣ ಎನ್‌ಗ್ರಾಕ್. ಅದಾದರೆ ಖಾತೆ ತೆರೆದು, ಅಲ್ಲಿ ಕೊಡುವ ಟೋಕನ್ ಅನ್ನು 'ಎನ್‌ಗ್ರಾಕ್ ಕಾನ್ಫಿಗ್ ಆಡ್-ಆಥ್‌ಟೋಕನ್' ಮುಂದೆ ಅಂಟಿಸಿ ಒಮ್ಮೆ ಓಡಿಸಿ. ಆಮೇಲೆ 'ಎನ್‌ಗ್ರಾಕ್ ಎಚ್‌ಟಿಟಿಪಿ 8000', ಇಲ್ಲಿ 8000 ನಿಮ್ಮ ಆ್ಯಪ್ ಓಡುತ್ತಿರುವ ಪೋರ್ಟ್. ಬರುವ ಎಚ್‌ಟಿಟಿಪಿಎಸ್ ವಿಳಾಸದ ಕೊನೆಗೆ ನಿಮ್ಮ ವೆಬ್‌ಹುಕ್ ದಾರಿ ಸೇರಿಸಿ ಡ್ಯಾಶ್‌ಬೋರ್ಡ್‌ಗೆ ಹಾಕಿ. ಅದರ ಕೊನೆಗೆ :8000 ಸೇರಿಸಬೇಡಿ. ಟನೆಲ್‌ನ ಹೊರಬಾಯಿ 443 ರಲ್ಲಿದೆ, ರೇಜರ್‌ಪೇ ವೆಬ್‌ಹುಕ್ ಕಳುಹಿಸುವುದೂ 80 ಮತ್ತು 443 ಕ್ಕೆ ಮಾತ್ರ. ಖಾತೆಯ ಗೋಜು ಬೇಡವೆಂದರೆ ಕ್ಲೌಡ್‌ಫ್ಲೇರ್ ಕಂಪನಿಯ ಟನೆಲ್ ಉಪಕರಣ ಕ್ಲೌಡ್‌ಫ್ಲೇರ್‌ಡಿ ಹಾಕಿಕೊಂಡು 'ಕ್ಲೌಡ್‌ಫ್ಲೇರ್‌ಡಿ ಟನೆಲ್ --ಯುಆರ್‌ಎಲ್ ಎಚ್‌ಟಿಟಿಪಿ://127.0.0.1:8000' ಓಡಿಸಿ. ಆದರೆ ನಿಲ್ಲಿಸಿ ಮತ್ತೆ ಶುರು ಮಾಡಿದಾಗಲೆಲ್ಲ ಅದರ ವಿಳಾಸ ಬದಲಾಗುತ್ತದೆ, ಡ್ಯಾಶ್‌ಬೋರ್ಡ್‌ನಲ್ಲೂ ಬದಲಿಸುತ್ತಿರಬೇಕು.

ಟನೆಲ್ ತೆರೆಯುವ ಮೊದಲು ಕರ್ಲ್‌ನಿಂದ (ಟರ್ಮಿನಲ್‌ನಿಂದಲೇ ಕೋರಿಕೆ ಕಳುಹಿಸುವ ಉಪಕರಣ) 127.0.0.1:8000 ಕ್ಕೇ, ಅಂದರೆ ನಿಮ್ಮದೇ ಯಂತ್ರಕ್ಕೆ, ಒಂದು ಪೋಸ್ಟ್ ಕಳುಹಿಸಿ ನೋಡಿ. ಎನ್‌ಗ್ರಾಕ್ 502 ಎಂಬ ದೋಷ ಸಂಖ್ಯೆ ತೋರಿಸಿದರೆ ಹತ್ತರಲ್ಲಿ ಒಂಬತ್ತು ಸಲ ಆ್ಯಪ್ ಓಡುತ್ತಿಲ್ಲ ಅಥವಾ ಪೋರ್ಟ್ ತಪ್ಪಾಗಿದೆ. ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಬಳಸುವವರಿಗೆ 400 ಬಂದರೆ ಟನೆಲ್‌ನ ಹೆಸರು 'ಅಲೌಡ್ ಹೋಸ್ಟ್ಸ್' ಪಟ್ಟಿಯಲ್ಲಿಲ್ಲವೇ ನೋಡಿ. ಮ್ಯಾಕ್‌ನಲ್ಲಿ 5000 ನೇ ಪೋರ್ಟ್ ಬೇಡ: ಮಾಂಟೆರೆ ಆವೃತ್ತಿಯಿಂದೀಚೆಗೆ ಏರ್‌ಪ್ಲೇ ರಿಸೀವರ್ ಅಲ್ಲಿ ಕೂತಿರುತ್ತದೆ. ನಿಮ್ಮ ಕೋಡ್‌ನಲ್ಲಿ ಎಲ್ಲೂ ಇಲ್ಲದ 403 ಬರುತ್ತಿದ್ದರೆ ಅದು ಏರ್‌ಪ್ಲೇಯದೇ.

ಪ್ರಶ್ನೆ (ಮೈಸೂರು): ನೋಡ್‌ನಲ್ಲಿ (ಜಾವಾಸ್ಕ್ರಿಪ್ಟ್) ಬರೆದ ನಮ್ಮ ಬಿಲ್ಲಿಂಗ್ ಸೇವೆ, ಫ್ಲಾಸ್ಕ್‌ನಲ್ಲಿ (ಪೈಥಾನ್) ಬರೆದ ಇನ್ನೊಂದು ಸೇವೆಗೆ ವೆಬ್‌ಹುಕ್ ಕಳುಹಿಸುತ್ತದೆ. ಎಚ್‌ಮ್ಯಾಕ್ ಸಹಿ ಇದೆ (ಎರಡೂ ಕಡೆಗೆ ಮಾತ್ರ ಗೊತ್ತಿರುವ ಸೀಕ್ರೆಟ್ ಪದದಿಂದ ಸಂದೇಶಕ್ಕೆ ಲೆಕ್ಕ ಹಾಕುವ ಗುರುತು). ಗ್ರಾಹಕರ ಹೆಸರು ಇಂಗ್ಲಿಷ್‌ನಲ್ಲಿದ್ದರೆ ಸಹಿ ಪಾಸ್, ಕನ್ನಡದಲ್ಲಿದ್ದರೆ ಫೇಲ್. ಟನೆಲ್ ಕನ್ನಡ ಅಕ್ಷರಗಳನ್ನು ಕೆಡಿಸುತ್ತಿದೆಯೇ? ಸಹಿ ನೋಡಲು ನಾನು ರಿಕ್ವೆಸ್ಟ್‌ನ ಜೇಸನ್ (ಪಠ್ಯರೂಪದ ಡೇಟಾ) ತೆಗೆದು, 'ಜೇಸನ್ ಡಂಪ್ಸ್'ನಿಂದ ಜಾಗವಿಲ್ಲದ ಸಾಲಾಗಿ ಮಾಡಿ ಲೆಕ್ಕ ಹಾಕುತ್ತೇನೆ.

ಉತ್ತರ: ಟನೆಲ್ ನಿರಪರಾಧಿ. ತಪ್ಪು ನಿಮ್ಮ ಕೊನೆಯ ವಾಕ್ಯದಲ್ಲಿದೆ.

ಸಹಿ ಹಾಕುವುದು ಅರ್ಥಕ್ಕಲ್ಲ, ಬೈಟ್‌ಗಳಿಗೆ. ನೋಡ್‌ನ 'ಜೇಸನ್ ಸ್ಟ್ರಿಂಗಿಫೈ' ಕನ್ನಡ ಅಕ್ಷರವನ್ನು ಹಾಗೆಯೇ ಬಿಡುತ್ತದೆ, ಯುಟಿಎಫ್-8 ರಲ್ಲಿ 'ಕ' ಮೂರು ಬೈಟ್ ಆಗಿ ಹೊರಡುತ್ತದೆ. ಪೈಥಾನ್‌ನ ಡಂಪ್ಸ್ ಸುಮ್ಮನೆ ಬಿಟ್ಟರೆ ಇಂಗ್ಲಿಷೇತರ ಅಕ್ಷರಗಳನ್ನೆಲ್ಲ ಹಿಂಗೆರೆ (\), ಯು, ನಾಲ್ಕು ಹೆಕ್ಸ್ ಅಂಕಿ ಎಂದು ಬರೆಯುತ್ತದೆ. ಅದೇ 'ಕ' ಈಗ ಆರು ಬೈಟ್. ಓದಿದರೆ ಎರಡೂ ಒಂದೇ ಹೆಸರು, ಸಹಿ ಲೆಕ್ಕ ಹಾಕುವ ಎಸ್‌ಎಚ್‌ಎ-256 ಗೆ ಮಾತ್ರ ಸಂಬಂಧವೇ ಇಲ್ಲದ ಎರಡು ಸಂದೇಶ. ಇಂಗ್ಲಿಷ್ ಹೆಸರಿಗೆ ಪಾಸಾಗುತ್ತಿರುವುದು ನಿಮ್ಮ ಅದೃಷ್ಟ, ಕೋಡ್ ಸರಿಯಿರುವುದರಿಂದಲ್ಲ.

ಡಂಪ್ಸ್‌ನ 'ಎನ್ಶೂರ್ ಆಸ್ಕಿ' ಆಯ್ಕೆಯನ್ನು ಫಾಲ್ಸ್ ಮಾಡಿದರೆ ಇಂದಿಗೆ ಸರಿಹೋಗುತ್ತದೆ. ಅದು ಪರಿಹಾರವಲ್ಲ, ತೇಪೆ. ನಾಳೆ ಕಳುಹಿಸುವ ಕಡೆ ಪಿಎಚ್‌ಪಿ ಬಂದರೆ ಅದು ಓರೆಗೆರೆಗೆ (/) ಮೊದಲೂ ಹಿಂಗೆರೆ ಹಾಕುತ್ತದೆ, ಆಗ ಯುಆರ್‌ಎಲ್ ಇರುವ ಸಂದೇಶಗಳು ಫೇಲಾಗುತ್ತವೆ. ಸರಿಯಾದ ದಾರಿ: ಬಂದ ಬೈಟ್‌ಗಳನ್ನು ಮುಟ್ಟದೆ 'ರಿಕ್ವೆಸ್ಟ್ ಗೆಟ್ ಡೇಟಾ'ದಿಂದ ತೆಗೆದುಕೊಳ್ಳಿ, ಅದರ ಮೇಲೆ ಎಚ್‌ಮ್ಯಾಕ್ ಲೆಕ್ಕ ಹಾಕಿ, 'ಕಂಪೇರ್ ಡೈಜೆಸ್ಟ್'ನಿಂದ ಹೋಲಿಸಿ, ಪಾಸಾದ ಮೇಲೆ ಮಾತ್ರ ಜೇಸನ್ ಬಿಡಿಸಿ. ನೋಡ್‌ನ ಎಕ್ಸ್‌ಪ್ರೆಸ್ ಚೌಕಟ್ಟಿನಲ್ಲಾದರೆ ವೆಬ್‌ಹುಕ್ ದಾರಿಗೆ 'ಎಕ್ಸ್‌ಪ್ರೆಸ್ ರಾ' ಹಾಕಬೇಕು, ಅದೂ ಎಲ್ಲ ದಾರಿಗಳಿಗೂ ಅನ್ವಯಿಸುವ 'ಎಕ್ಸ್‌ಪ್ರೆಸ್ ಜೇಸನ್' ಸಾಲಿಗಿಂತ ಮೇಲೆ. ಕೆಳಗೆ ಬರೆದರೆ ಅಷ್ಟರಲ್ಲಿ ಸಂದೇಶದ ದೇಹ ಬಿಡಿಸಿ ಮುಗಿದಿರುತ್ತದೆ.

ಇನ್ನೂ ತಾಳೆಯಾಗದಿದ್ದರೆ ಸೀಕ್ರೆಟ್‌ನ ಉದ್ದ ಎಣಿಸಿ. ಫೈಲ್‌ನಿಂದ ಓದಿದ್ದಾದರೆ ಕೊನೆಯಲ್ಲಿ ಕಾಣದ ಒಂದು ಹೊಸಸಾಲಿನ ಅಕ್ಷರ ಅಂಟಿಕೊಂಡಿರುವುದು ಮಾಮೂಲು. ಗಿಟ್‌ಹಬ್ ವೆಬ್‌ಹುಕ್‌ಗಳಲ್ಲಿ ಸಹಿಯ ಆರಂಭದಲ್ಲಿ 'ಎಸ್‌ಎಚ್‌ಎ256=' ಎಂಬ ತುಂಡೂ ಇರುತ್ತದೆ, ಹೋಲಿಸುವಾಗ ಮರೆಯಬೇಡಿ.

ಪ್ರಶ್ನೆ (ಡಬ್ಲಿನ್): ಪಾವತಿ ಸೇವೆ ಸ್ಟ್ರೈಪ್‌ನ ಸಿಎಲ್‌ಐ (ಟರ್ಮಿನಲ್ ಉಪಕರಣ) ಬಳಸುತ್ತೇನೆ. 'ಸ್ಟ್ರೈಪ್ ಲಿಸನ್ --ಫಾರ್ವರ್ಡ್-ಟು ಲೋಕಲ್‌ಹೋಸ್ಟ್:4242/ವೆಬ್‌ಹುಕ್' ಓಡುತ್ತಿದೆ, ಘಟನೆಗಳೂ ಬರುತ್ತಿವೆ, ಎಲ್ಲಕ್ಕೂ 400. ಡ್ಯಾಶ್‌ಬೋರ್ಡ್‌ನ ಸೀಕ್ರೆಟ್ಟನ್ನು ಮೂರು ಸಲ ಕಾಪಿ ಮಾಡಿ ನೋಡಿದೆ.

ಉತ್ತರ: ಮೂವತ್ತು ಸಲ ಮಾಡಿದರೂ ಅಷ್ಟೇ. ಲಿಸನ್ ಆಜ್ಞೆಗೆ ಅದರದೇ ಬೇರೆ ಸೀಕ್ರೆಟ್ ಇದೆ, ಶುರುವಾದಾಗ ಟರ್ಮಿನಲ್‌ನ ಮೊದಲ ಸಾಲುಗಳಲ್ಲೇ ಅದನ್ನು ತೋರಿಸುತ್ತದೆ, ಆ ಸೀಕ್ರೆಟ್ 'ಡಬ್ಲ್ಯುಎಚ್‌ಎಸ್‌ಇಸಿ' ಎಂದು ಶುರುವಾಗುತ್ತದೆ. ನಿಮ್ಮ ಯಂತ್ರದಲ್ಲಿ ಅದನ್ನು ಹಾಕಿ, ಡ್ಯಾಶ್‌ಬೋರ್ಡ್‌ನದನ್ನು ನಿಜವಾದ ಸರ್ವರ್‌ಗೆ ಬಿಡಿ.

ಅದು ಸರಿಹೋದ ಮೇಲೆ ಎದುರಾಗುವುದನ್ನೂ ಹೇಳಿಬಿಡುತ್ತೇವೆ. ಸ್ಟ್ರೈಪ್‌ನ ಸಹಿಯಲ್ಲಿ ಸಮಯವೂ ಸೇರಿರುತ್ತದೆ, ಅದರ ಲೈಬ್ರರಿಗಳು 5 ನಿಮಿಷಕ್ಕಿಂತ ಹಳೆಯದನ್ನು ತಳ್ಳಿಹಾಕುತ್ತವೆ. ಹಾಗಾಗಿ ಎನ್‌ಗ್ರಾಕ್ ನಿಮ್ಮ ಯಂತ್ರದ 4040 ಪೋರ್ಟ್‌ನಲ್ಲಿ ತೋರಿಸುವ ಪುಟದಲ್ಲಿ ಅರ್ಧ ಗಂಟೆ ಹಿಂದಿನ ಕೋರಿಕೆಯನ್ನು 'ರಿಪ್ಲೇ' ಒತ್ತಿ ಮರಳಿ ಕಳುಹಿಸಿದರೆ ಫೇಲಾಗಲೇಬೇಕು. 'ಸ್ಟ್ರೈಪ್ ಇವೆಂಟ್ಸ್ ರೀಸೆಂಡ್' ಮುಂದೆ ಘಟನೆಯ ಐಡಿ ಕೊಡಿ, ಹೊಸ ಸಮಯ, ಹೊಸ ಸಹಿಯೊಂದಿಗೆ ಬರುತ್ತದೆ. 'ಸ್ಟ್ರೈಪ್ ಟ್ರಿಗರ್ ಪೇಮೆಂಟ್_ಇಂಟೆಂಟ್.ಸಕ್ಸೀಡೆಡ್' ಕೊಟ್ಟಾಗ ಒಂದರ ಬದಲು ಹಲವು ಘಟನೆಗಳು ಬಂದರೆ ಗಾಬರಿ ಬೇಡ. ಅದು ಪರೀಕ್ಷಾ ಖಾತೆಯಲ್ಲಿ ಪಾವತಿಯನ್ನು ನಿಜಕ್ಕೂ ಸೃಷ್ಟಿಸುವುದರಿಂದ ಅದರ ಹಿಂದುಮುಂದಿನವೂ ಬರುತ್ತವೆ. ಆ ಪಾವತಿಯಲ್ಲಿ ನಿಮ್ಮ ಆರ್ಡರ್ ನಂಬರ್ ಮಾತ್ರ ಇರುವುದಿಲ್ಲ, ಮೆಟಾಡೇಟಾ ಇದ್ದೇ ಇರುತ್ತದೆಂದು ಬರೆದ ಕೋಡ್ ಇಲ್ಲೇ ಮುಗ್ಗರಿಸುವುದು. ಲಾಗಿನ್ 90 ದಿನಕ್ಕೆ ಮುಗಿಯುತ್ತದೆ, ಆಗ 'ಸ್ಟ್ರೈಪ್ ಲಾಗಿನ್' ಮತ್ತೆ ಮಾಡಿ.

ಪ್ರಶ್ನೆ (ಹುಬ್ಬಳ್ಳಿ): ಒಂದೇ ಪಾವತಿಗೆ ಗಿರಾಕಿಗೆ ಎರಡು, ಮೂರು ಬಿಲ್ ಮೇಲ್ ಹೋಗಾಕತ್ತಾವ್ರಿ. ರೇಜರ್‌ಪೇದವರು ಎರಡೆರಡು ಸಲ ಯಾಕ ಕಳಸ್ತಾರ್ರಿ?

ಉತ್ತರ: ನೀವು ತಡವಾಗಿ ಉತ್ತರಿಸುತ್ತಿರುವುದರಿಂದ. 5 ಸೆಕೆಂಡಿನೊಳಗೆ 2 ರಿಂದ ಶುರುವಾಗುವ ಉತ್ತರ ಸಂಖ್ಯೆ (200 ರಂತೆ) ಸಿಗದಿದ್ದರೆ ಅವರ ಲೆಕ್ಕದಲ್ಲಿ ಅದು ತಲುಪಿಲ್ಲ, ಹಾಗಾಗಿ ಮತ್ತೆ ಕಳುಹಿಸುತ್ತಾರೆ. ಬಿಲ್‌ನ ಪಿಡಿಎಫ್ ಮಾಡಿ, ಮೇಲ್ ಕಳುಹಿಸಿ, ಆಮೇಲೆ 200 ಕೊಡುವ ಕ್ರಮ ಬಿಡಿ. ಸಹಿ ನೋಡಿ, ಸಂದೇಶವನ್ನು ಒಂದು ಟೇಬಲ್‌ಗೆ ಬರೆದು, 200 ಕೊಟ್ಟುಬಿಡಿ. ಉಳಿದದ್ದನ್ನು ಹಿನ್ನೆಲೆಯ ಕೆಲಸಗಾರ ಪ್ರೊಸೆಸ್ ಮಾಡಲಿ. 'ಎಕ್ಸ್-ರೇಜರ್‌ಪೇ-ಇವೆಂಟ್-ಐಡಿ' ಹೆಡರ್‌ನ ಮೌಲ್ಯಕ್ಕೆ ಆ ಟೇಬಲ್‌ನಲ್ಲಿ ಯುನೀಕ್ ನಿಬಂಧನೆ ಹಾಕಿ. ಎರಡನೇ ಸಲ ಬಂದದ್ದು ಡೇಟಾಬೇಸ್‌ನಲ್ಲೇ ತಡೆಯುತ್ತದೆ, ಅದಕ್ಕೂ 200 ಕೊಡಿ. ಡೀಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ ಚಹಾ ಕುಡಿಯಲು ಹೋದರೂ ಇದೇ ಆಗುತ್ತದೆ. ಗಿಟ್‌ಹಬ್ ಇದಕ್ಕೆ ಉಲ್ಟಾ: 10 ಸೆಕೆಂಡ್ ಕಾಯುತ್ತದೆ, ವಿಫಲವಾದರೆ ತಾನಾಗಿ ಮತ್ತೆ ಕಳುಹಿಸುವುದಿಲ್ಲ, ನೀವೇ 'ರೀಡೆಲಿವರ್' ಒತ್ತಬೇಕು.

ಪ್ರಶ್ನೆ (ಉಡುಪಿ): ಬಾಡಿಗೆ ವಿಪಿಎಸ್ (ದೂರದ ಸರ್ವರ್) ಇದೆ. 'ಎಸ್‌ಎಸ್‌ಎಚ್ -ಆರ್ 9000:127.0.0.1:3000' ಹಾಕಿದೆ. ಸರ್ವರ್ ಒಳಗಿನಿಂದ ಕರ್ಲ್ ಮಾಡಿದರೆ ಬರುತ್ತದೆ, ಹೊರಗಿನಿಂದ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಂಪರ್ಕವೂ ಸಾಯುತ್ತದೆ.

ಉತ್ತರ: ಆ 'ಆರ್' ದೊಡ್ಡಕ್ಷರವೇ ಇರಬೇಕು, ನೀವು ಸರಿಯಾಗಿಯೇ ಹಾಕಿದ್ದೀರಿ. ಸರ್ವರ್‌ನ 'ಗೇಟ್‌ವೇಪೋರ್ಟ್ಸ್' ಮೊದಲಿನಿಂದಲೂ 'ನೋ' ಆಗಿರುತ್ತದೆ, ಹಾಗಾಗಿ 9000 ಅಲ್ಲಿನ ಲೂಪ್‌ಬ್ಯಾಕ್‌ನಲ್ಲಿ (ಆ ಯಂತ್ರದ ಒಳಗೆ) ಮಾತ್ರ ತೆರೆಯುತ್ತದೆ. ಅದನ್ನು ಬದಲಿಸಬೇಡಿ. ವೆಬ್ ಸರ್ವರ್ ಎಂಜಿನ್‌ಎಕ್ಸ್ 443 ರಲ್ಲಿ ಪ್ರಮಾಣಪತ್ರದೊಂದಿಗೆ ಕೂತು 127.0.0.1:9000 ಕ್ಕೆ ದಾಟಿಸಲಿ. ಸಂಪರ್ಕ ಜೀವಂತವಿರಲು ನಿಮ್ಮ ಕಡೆ 'ಸರ್ವರ್‌ಅಲೈವ್‌ಇಂಟರ್ವಲ್ 30' ಮತ್ತು 'ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್', ಸರ್ವರ್ ಕಡೆ 'ಕ್ಲೈಂಟ್‌ಅಲೈವ್‌ಇಂಟರ್ವಲ್ 30' ಹಾಕಿ. ಕೊನೆಯದು ಇಲ್ಲದಿದ್ದರೆ ಸತ್ತ ಹಳೆಯ ಸಂಪರ್ಕ 9000 ವನ್ನು ಹಿಡಿದುಕೊಂಡೇ ಇದ್ದು ಹೊಸದು ಒಳಗೆ ಬರಲಾಗದು. ದೊಡ್ಡ ಸಂದೇಶಗಳಿಗೆ ಮಾತ್ರ 413 ಬಂದರೆ ಎಂಜಿನ್‌ಎಕ್ಸ್‌ನ 1 ಎಂಬಿ ಮಿತಿ ಏರಿಸಿ.

ಪ್ರಶ್ನೆ (ತುಮಕೂರು): ಟನೆಲ್ಲನ್ನು ರಾತ್ರಿಯಿಡೀ ತೆರೆದಿಟ್ಟರೆ ಅಪಾಯವೇ?

ಉತ್ತರ: ತೆರೆದಿರುವುದು ವೆಬ್‌ಹುಕ್ ದಾರಿಯೊಂದೇ ಅಲ್ಲ, ಆ ಪೋರ್ಟ್‌ನಲ್ಲಿ ಓಡುತ್ತಿರುವ ಇಡೀ ಆ್ಯಪ್. ಜಾಂಗೋದ ಡೀಬಗ್ ಪುಟ ಸೆಟ್ಟಿಂಗ್‌ಗಳನ್ನೇ ತೋರಿಸಬಲ್ಲದು, ಫ್ಲಾಸ್ಕ್‌ನ ಡೀಬಗರ್ ಕೋಡ್ ಓಡಿಸಬಲ್ಲದು, ಅದಕ್ಕಿರುವ ಕಾವಲು ಒಂದು ಪಿನ್ ಮಾತ್ರ. ವೆಬ್‌ಹುಕ್ ಭಾಗವನ್ನಷ್ಟೇ ಬೇರೆ ಪೋರ್ಟ್‌ನಲ್ಲಿ, ಡೀಬಗ್ ಆಫ್ ಮಾಡಿ ಓಡಿಸಿ, ಕೆಲಸ ಮುಗಿದ ಮೇಲೆ ಕಂಟ್ರೋಲ್-ಸಿ ಒತ್ತಿ. ಡ್ಯಾಶ್‌ಬೋರ್ಡ್‌ನಿಂದ ಆ ವಿಳಾಸ ತೆಗೆಯುವುದನ್ನೂ ಮರೆಯಬೇಡಿ. ರೇಜರ್‌ಪೇ 24 ಗಂಟೆ ಪ್ರಯತ್ನಿಸಿ ಸೋತರೆ ಆ ವೆಬ್‌ಹುಕ್ಕನ್ನೇ ನಿಷ್ಕ್ರಿಯ ಮಾಡುತ್ತದೆ. ಶನಿವಾರ ಟನೆಲ್ ಮುಚ್ಚಿ ಸೋಮವಾರ ತೆರೆದಾಗ ಏನೂ ಬರುತ್ತಿಲ್ಲವೆಂದರೆ ಮೊದಲು ಅಲ್ಲಿ ನೋಡಿ.